ಒಳಗಿನಿಂದ ತೆರೆಯುವ ಪೆಟ್ಟಿಗೆ

ಸಿನಿಮಾ ತೆರೆಗೆ ಬಂದ ಮಾರನೆಯ ದಿನದಿಂದ ಮೇಸ್ತ್ರಿಗೆ ಒಂದು ಚಟ ಹತ್ತಿಕೊಳ್ಳುತ್ತದೆ. ಮೂವತ್ತೊಂದು ವರ್ಷಗಳಿಂದ ಸಿನಿಮಾಗಳಿಗೆ ಮರಗೆಲಸ ಮಾಡಿಕೊಂಡು ಬಂದ ಮನುಷ್ಯ. ಅರಮನೆಯ ಬಾಗಿಲು, ಕೋರ್ಟಿನ ಕಟಕಟೆ, ನಾಯಕಿ ಬೋರಲು ಬಿದ್ದು ಅಳುವುದಕ್ಕೆ ಮಂಚ, ಖಳನಾಯಕ ಒದ್ದು ಮುರಿಯುವುದಕ್ಕೆ ಮೇಜು, ಎಲ್ಲ ಅವನ ಕೈಯಿಂದ ಬಂದವು. ಜನ ಅದನ್ನೆಲ್ಲ ನೋಡಿದರೋ ಇಲ್ಲವೋ ಎಂದು ತಿಳಿಯುವ ಆಸೆ. ಹಿಂದೆಲ್ಲ ಆಟ ಬಿಡುವ ಹೊತ್ತಿಗೆ ಟಾಕೀಸಿನ ಮುಂದೆ ನಿಂತು ಕಿವಿ ಕೊಡುತ್ತಿದ್ದ. ಈಗ ಪ್ರೇಕ್ಷಕರ ಅಭಿಪ್ರಾಯವೆಲ್ಲ ಫೋನಿಗೇ ಬಂದು ಬೀಳುತ್ತದೆ. ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡು ಒಂದನ್ನೂ ಬಿಡದೆ ಓದುತ್ತಾನೆ. ನಾಯಕನ ಮೀಸೆಯ ಬಗ್ಗೆ ಬರೆದವರಿದ್ದಾರೆ, ನಾಯಕಿಯ ಸೊಂಟದ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ಮರದ ಬಗ್ಗೆ ಈವರೆಗೆ ಯಾರೂ ಒಂದಕ್ಷರ ಬರೆದಿಲ್ಲ.

ಈ ಸಲದ್ದು ನೂರು ವರ್ಷ ಹಿಂದಿನ ಪ್ರೇಮಕಥೆ. ರಂಗದ ಮೇಲೆ ಜಾದೂ ಮಾಡುವವನೊಬ್ಬ. ಅವನನ್ನು ನಂಬಿ ದಿನಾ ಸಂಜೆ ಅವನ ಪೆಟ್ಟಿಗೆಯೊಳಗೆ ಇಳಿಯುವ ಹುಡುಗಿಯೊಬ್ಬಳು. ಕೊನೆಗೆ ಪೆಟ್ಟಿಗೆ ಹೊಳೆಯಲ್ಲಿ ತೇಲಿ ಹೋಗುತ್ತದೆ, ತೆರೆದರೆ ಖಾಲಿ. ಅವಳು ಸತ್ತಳೋ, ತಪ್ಪಿಸಿಕೊಂಡು ಬೇರೆ ಊರಿನಲ್ಲಿ ಸುಖವಾಗಿದ್ದಾಳೋ ಎಂಬುದನ್ನು ನಿರ್ದೇಶಕ ಪ್ರೇಕ್ಷಕರಿಗೇ ಬಿಟ್ಟಿದ್ದ. ಪ್ರೇಕ್ಷಕರು ಅದಕ್ಕೆ ಅವನನ್ನು ಕ್ಷಮಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮೇಸ್ತ್ರಿ ಎದುರಿಗೆ ಕೂತು ಓದಿ ಹೇಳುತ್ತಿದ್ದ.

"'ಮೊದಲರ್ಧ ಆಮೆ, ಎರಡನೇ ಅರ್ಧ ಬಸವನಹುಳು' ಅಂತ ಒಬ್ಬ ಬರೆದಿದಾನೆ."

"ಊರು ಸೇರ್ತಂತಾ ಇಲ್ವಂತಾ?"

"ಇನ್ನೊಬ್ಬಳು ನೋಡು. 'ನಾಯಕಿ ಅತ್ತಾಗಲೆಲ್ಲ ನಾನೂ ಅತ್ತೆ, ನಮ್ಮ ಯಜಮಾನರು ಗೊರಕೆ ಹೊಡೆದರು. ಒಂದು ನಕ್ಷತ್ರ ಕಡಿಮೆ ಕೊಟ್ಟಿದ್ದೀನಿ.'"

"ಯಜಮಾನನಿಗಾ, ಸಿನಿಮಾಕ್ಕಾ?"

"'ಜಾದೂಗಾರ ಹುಡುಗಿಯನ್ನು ಮಾಯ ಮಾಡುತ್ತಾನೆ, ನಿರ್ದೇಶಕ ಕಥೆಯನ್ನು.' ಇವನು ಯಾವನೋ ಮೇಷ್ಟ್ರೇ ಇರಬೇಕು."

"ಪೆಟ್ಟಿಗೆ ಬಗ್ಗೆ?"

"ಎಲ್ಲಿಂದ ಬರುತ್ತೆ."

ಹೆಂಡತಿ ನಕ್ಕಳು. ಮೇಸ್ತ್ರಿ ಬೆರಳಿನಿಂದ ಪರದೆ ಸರಿಸಿದ. ಮುಂದಿನ ಅಭಿಪ್ರಾಯದ ಜೊತೆ ಒಂದು ಫೋಟೋ ಇತ್ತು: ಟಾಕೀಸಿನ ಹಜಾರದಲ್ಲಿ ಅವನ ಪೆಟ್ಟಿಗೆ, ಒಳಗೆ ಗಂಡ ಹೆಂಡಿರಂತೆ ಕಾಣುವ ಇಬ್ಬರು ಕೆನ್ನೆಗೆ ಕೆನ್ನೆ ತಾಗಿಸಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಕೆಳಗೆ ಬರೆದಿತ್ತು: 'ಸಿನಿಮಾ ಸುಮಾರು, ಫೋಟೋ ಸೂಪರ್. ಇವತ್ತು ಬೆಳಗಿನ ಆಟ ಬಿಡುವ ಹೊತ್ತಿಗೆ ಸ್ಪರ್ಧೆ ಶುರುವಂತೆ. ಮುಚ್ಚಳ ಹಾಕಿಕೊಂಡು ಯಾರು ಹೆಚ್ಚು ಹೊತ್ತು ಒಳಗೆ ಇರ್ತಾರೋ ಅವರಿಗೆ ನಾಯಕಿ ಜೊತೆ ಊಟ.'

ಮೇಸ್ತ್ರಿ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮತ್ತೊಮ್ಮೆ ಮನಸ್ಸಿನಲ್ಲೇ ಓದಿದ.

"ಏನ್ರೀ, ಮುಖ ಹಾಗಾಯ್ತು?"

"ಯಾವ ಪೆಟ್ಟಿಗೆ ಇದು?" ಎಂದು ಫೋನನ್ನು ಅವಳ ಮುಂದೆ ಹಿಡಿದ.

"ನಿಮ್ಮದೇ. ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಬಾರದು ಅಂತಲೇ ಮಾಡಿದ್ದು ಕಣೇ."

ಅವನು ಮಾಡಿದ್ದು ಎರಡು ಪೆಟ್ಟಿಗೆ. ಒಂದು ನಟಿ ಕೂರುವುದಕ್ಕೆ. ಅದರ ಮುಚ್ಚಳ ಬಿದ್ದೊಡನೆ ಕೊಂಡಿ ತಾನಾಗಿ ಕೂತುಕೊಳ್ಳುತ್ತದೆ; ಒಳಗೆ ಎಡಮೂಲೆಯ ತಳದಲ್ಲಿರುವ ಹಿತ್ತಾಳೆ ಮೊಳೆಯನ್ನು ಹಿಮ್ಮಡಿಯಿಂದ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಮುಂದೆ ನೇತಾಡುವ ದೊಡ್ಡ ಬೀಗ ಬರೀ ತೋರಿಕೆಯದು. ಇನ್ನೊಂದು ಹೊಳೆಯಲ್ಲಿ ತೇಲಿಬಿಡುವುದಕ್ಕೆ. ಅದಕ್ಕೂ ಅದೇ ಕೊಂಡಿ, ಆದರೆ ಅದರೊಳಗೆ ಇದ್ದದ್ದು ಎರಡು ಮೂಟೆ ಮರಳು; ಮರಳಿಗೆ ಹೊರಗೆ ಬರುವ ಅವಸರವಿಲ್ಲವಾದ್ದರಿಂದ ಅದರ ಹಿತ್ತಾಳೆ ಮೊಳೆ ಬರೀ ಮೊಳೆ. ನೀರು ನುಗ್ಗಬಾರದೆಂದು ಸಂದುಸಂದಿಗೂ ಜೇನುಮೇಣ ಕಾಯಿಸಿ ಹೊಯ್ದಿದ್ದ, ಮುಚ್ಚಳದ ಅಂಚಿಗೂ ಮೇಣದ ಪಟ್ಟಿ ಕೂರಿಸಿದ್ದ. ನೀರು ಹೋಗದ ಕಡೆ ಗಾಳಿಯೂ ಹೋಗುವುದಿಲ್ಲ ಎಂದು ಅವತ್ತು ಯಾರೂ ಯೋಚಿಸುವ ಅಗತ್ಯ ಇರಲಿಲ್ಲ. ಪ್ರತಿ ಸಲ ಅದನ್ನು ಮಗುಚಿ ಹಾಕಿ, ತಳದ ಹಲಗೆ ಬಿಚ್ಚಿ, ಮರಳು ತೆಗೆಯುತ್ತಿದ್ದರು.

ಎರಡೂ ಕೂದಲೆಳೆಯಷ್ಟೂ ಬೇರೆ ಕಾಣಬಾರದು ಎಂದಿದ್ದ ನಿರ್ದೇಶಕ. ಮೇಸ್ತ್ರಿ ಕಾಣದ ಹಾಗೆಯೇ ಮಾಡಿದ. ಗುರುತಿಗೆಂದು ತಳದಲ್ಲಿ ಒಂದಕ್ಕೆ ಪೆನ್ಸಿಲಿನಿಂದ ಸೊನ್ನೆ, ಇನ್ನೊಂದಕ್ಕೆ ಅಡ್ಡಗೆರೆ ಹಾಕಿದ್ದ. ಪೆಟ್ಟಿಗೆ ಹಗ್ಗದಲ್ಲಿ ತೂಗಾಡುವಾಗ ತಳ ಕಾಣುತ್ತದೆಂದು ಬಣ್ಣದವನು ಎರಡಕ್ಕೂ ಕರಿ ಬಣ್ಣ ಬಳಿದುಬಿಟ್ಟ. ಮತ್ತೆ ಗುರುತು ಹಾಕೋಣವೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ, ನನ್ನ ಕೆಲಸಕ್ಕೆ ನನಗೆ ಗುರುತು ಬೇಕಾಗಿಲ್ಲ, ಎತ್ತಿದರೆ ಗೊತ್ತಾಗುತ್ತದೆ ಎಂದಿದ್ದ. ಮೇಣದ ಭಾರ ನಾಲ್ಕು ಕಿಲೋ ಹೆಚ್ಚು. ಚಿತ್ರೀಕರಣ ಮುಗಿದ ಮೇಲೆ ಅವುಗಳನ್ನು ಎತ್ತಿದವನು ಅವನಲ್ಲ, ಲಾರಿಯವರು.

ಅವನು ನಿರ್ಮಾಣದ ಮ್ಯಾನೇಜರಿಗೆ ಫೋನು ಹಚ್ಚಿದ.

"ಟಾಕೀಸಿಗೆ ಯಾವ ಪೆಟ್ಟಿಗೆ ಕಳಿಸಿದ್ರಿ ಸಾರ್?"

"ಚೆನ್ನಾಗಿದ್ದಿದ್ದನ್ನ."

"ಎರಡೂ ಚೆನ್ನಾಗೇ ಇದ್ವಲ್ಲ."

"ಅದನ್ನೇ ನಾನೂ ಹೇಳ್ತಿರೋದು. ಮೊದಲು ಕೈಗೆ ಸಿಕ್ಕಿದ್ದು ಟಾಕೀಸಿಗೆ ಹೋಯ್ತು. ಇನ್ನೊಂದನ್ನ ನಿರ್ಮಾಪಕರ ಮನೆಯೋರು ಹೊತ್ಕೊಂಡು ಹೋದ್ರು, ಕಂಬಳಿ ತುಂಬೋಕೆ."

"ಅವರಿಗೆ ಫೋನ್ ಮಾಡಿ ಒಂದ್ಸಲ ಮೊಳೆ ಒತ್ತಿ ನೋಡಿ ಅನ್ನಿ."

"ಅವರು ನನ್ನ ಫೋನ್ ಎತ್ತಿ ತಿಂಗಳಾಯ್ತು ಮೇಸ್ತ್ರಿ."

"ಆ ಸ್ಪರ್ಧೆ ನಿಲ್ಲಿಸಬೇಕು ಸಾರ್. ಒಂದು ಪೆಟ್ಟಿಗೆ ಒಳಗಿಂದ ತೆರೆಯಲ್ಲ."

"ತೆರೆಯುತ್ತೆ. ಎಡಮೂಲೆ ಮೊಳೆ ಒತ್ತಬೇಕು ಅಂತ ಚೀಟಿ ಬರೆದೇ ಕಳಿಸಿದೀವಿ. ಸುಮ್ಮನೆ ಗಾಬರಿ ಆಗಬೇಡಿ, ಬಿಪಿ ಏರುತ್ತೆ." ಫೋನು ಕಟ್ಟಾಯಿತು.

ಟಾಕೀಸಿನ ನಂಬರಿಗೆ ಮಾಡಿದರೆ ಸಿಹಿ ದನಿಯ ಹೆಂಗಸೊಬ್ಬಳು ನಾಲ್ಕು ಆಟಗಳ ವೇಳೆ ಹೇಳಿ, ಧನ್ಯವಾದ ಹೇಳಿ, ಮತ್ತೆ ಅದೇ ನಾಲ್ಕು ಆಟಗಳ ವೇಳೆ ಹೇಳಿದಳು. ಬೆಳಗಿನ ಆಟ ಬಿಡುವುದು ಹನ್ನೆರಡೂ ಕಾಲಿಗೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷ. ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡ.

"ಊಟಕ್ಕೆ?" ಎಂದಳು ಹೆಂಡತಿ.

"ಮೊದಲು ಅದೊಂದು ಆಗಲಿ."

ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯರಿಬ್ಬರು ಅದೇ ಸಿನಿಮಾದ ಜಗಳದಲ್ಲಿದ್ದರು. ಸತ್ತಿಲ್ಲ ಕಣೇ, ಪೆಟ್ಟಿಗೆ ಖಾಲಿ ಬರುತ್ತಲ್ಲ, ಎಂದಳು ಒಬ್ಬಳು. ಖಾಲಿ ಬಂದ್ರೇನು, ಮುಚ್ಚಳದ ಒಳಗಡೆ ಉಗುರಿನ ಗೀರು ತೋರಿಸ್ತಾರಲ್ಲ, ನೀನು ಅವಾಗ ಪಾಪ್‌ಕಾರ್ನ್ ತರೋಕೆ ಹೋಗಿದ್ದೆ, ಎಂದಳು ಇನ್ನೊಬ್ಬಳು. ಆ ಗೀರುಗಳನ್ನು ಮೇಸ್ತ್ರಿಯೇ ಮಾಡಿದ್ದ, ಸಣ್ಣ ಉಳಿಯಿಂದ, ಇಡೀ ಮಧ್ಯಾಹ್ನ ಕೂತು, ಬೇರೊಂದು ಹಲಗೆಯ ಮೇಲೆ. ಇನ್ನೂ ಆಳಕ್ಕೆ, ಇನ್ನೂ ಸಂಕಟ ಕಾಣಲಿ ಎಂದು ನಿರ್ದೇಶಕ ಎರಡು ಸಲ ವಾಪಸ್ಸು ಕಳಿಸಿದ್ದ. ಈಗ ಕಿಟಕಿಯ ಹೊರಗೆ ನೋಡಿದರೂ ಆ ಹಲಗೆಯೇ ಕಾಣುತ್ತಿತ್ತು. ಪ್ರತಿ ನಿಲ್ದಾಣದಲ್ಲೂ ಬಸ್ಸು ಯಾರನ್ನೋ ಹತ್ತಿಸಿಕೊಳ್ಳುತ್ತಿತ್ತು, ಯಾರನ್ನೋ ಇಳಿಸುತ್ತಿತ್ತು. ಇಳಿಯುವವರೆಲ್ಲ ಚಿಲ್ಲರೆಗೆ ನಿಲ್ಲುತ್ತಿದ್ದರು.

ಟಾಕೀಸಿನ ಹಜಾರದಲ್ಲಿ ಮಂಡಿಯೆತ್ತರದ ಕಟ್ಟೆ, ಅದರ ಮೇಲೆ ಪೆಟ್ಟಿಗೆ. ಮುಚ್ಚಳ ತೆರೆದಿತ್ತು. ಮೇಸ್ತ್ರಿಗೆ ಉಸಿರು ಬಂತು. ಇನ್ನೂ ಶುರುವಾಗಿರಲಿಲ್ಲ. ಹಿಂದೆ ಒಂದು ಫಲಕ: 'ನೀವೆಷ್ಟು ಗಟ್ಟಿ ಪ್ರೇಮಿ?' ಹಗ್ಗದ ಆಚೆ ಹದಿನೈದು ಇಪ್ಪತ್ತು ಜನರ ಸಾಲು. ಟಿಕೆಟ್ ಹರಿಯುವವನಿಗೆ ಜಾದೂಗಾರನ ಕರಿ ಟೊಪ್ಪಿಗೆ, ಕರಿ ನಿಲುವಂಗಿ ತೊಡಿಸಿದ್ದರು. ಅಂಗಿ ಮೊಣಕಾಲಿಗೇ ಮುಗಿದು ಕೆಳಗೆ ಖಾಕಿ ಪ್ಯಾಂಟು ಕಾಣುತ್ತಿತ್ತು. ಅವನು ಮೈಕಿಗೆ ಊದಿ ಊದಿ ಪರೀಕ್ಷೆ ಮಾಡುತ್ತಿದ್ದ.

ಪಕ್ಕದ ಕೋಣೆಯಲ್ಲಿ ಟಾಕೀಸಿನ ಯಜಮಾನ ಸಿಕ್ಕಿದ.

"ನೀವ್ಯಾರು?"

"ಆ ಪೆಟ್ಟಿಗೆ ಮಾಡಿದೋನು ಸ್ವಾಮಿ."

ಯಜಮಾನ ಗೋಡೆಯ ಪೋಸ್ಟರಿನತ್ತ ನೋಡಿದ. "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?"

"ನಮ್ಮಂಥವರ ಹೆಸರು ಪೋಸ್ಟರಿಗೆ ಬರಲ್ಲ. ಪೆಟ್ಟಿಗೆ ಎರಡಿದ್ವು. ಇದು ಯಾವುದು ಅಂತ ನೋಡೋವರೆಗೂ ಯಾರನ್ನೂ ಒಳಗೆ ಬಿಡಬೇಡಿ. ಹೊಳೇಲಿ ತೇಲಿಬಿಟ್ಟಿದ್ದಾದ್ರೆ ಒಳಗೆ ಹೋದೋರು ಹೊರಗೆ ಬರಲ್ಲ."

"ಸಿನಿಮಾದಲ್ಲೂ ಹಾಗೇ ಅಲ್ವಾ," ಎಂದು ಯಜಮಾನ ನಕ್ಕ. ಮೇಸ್ತ್ರಿ ನಗಲಿಲ್ಲ. "ಸರಿ, ನೋಡ್ಕೊಳ್ಳಿ ಹೋಗಿ. ಹತ್ತು ನಿಮಿಷ ಟೈಮಿದೆ. ಪಾಲಿಶ್ ಕೆಡಿಸಬೇಡಿ."

ಯಜಮಾನ ಈ ಮಾತನ್ನು ಟೊಪ್ಪಿಗೆಯವನಿಗೆ ಹೇಳಿರುತ್ತಾನೆ ಎಂದು ಮೇಸ್ತ್ರಿ ತಿಳಿದ. ಮೇಸ್ತ್ರಿಯೇ ಹೇಳಿಕೊಳ್ಳುತ್ತಾನೆ ಎಂದು ಯಜಮಾನ ತಿಳಿದ.

ಕಟ್ಟೆಗೆ ಪೆಟ್ಟಿಗೆಯನ್ನು ಬೋಲ್ಟು ಹಾಕಿ ಬಿಗಿದಿದ್ದರು, ಎತ್ತಿ ನೋಡುವಂತಿರಲಿಲ್ಲ. ಬಗ್ಗಿ ಮೂಸಿದ. ಮೇಣದ ವಾಸನೆ ಇದ್ದರೂ ತಿಳಿಯದಷ್ಟು ಅತ್ತರು ಹೊಡೆದಿದ್ದರು. ಒಳಗೆ ಕೈ ಚಾಚಿದ. ಮೂರೂವರೆ ಅಡಿ ಆಳ. ಬೆರಳು ಮೊಳೆಗೆ ಒಂದು ಗೇಣು ಮೇಲೆಯೇ ನಿಂತಿತು. ಚಪ್ಪಲಿ ಕಳಚಿಟ್ಟು ಒಳಗೆ ಇಳಿದ, ಮಂಡಿ ಮಡಿಸಿ ಕುಕ್ಕರಿಸಿದ, ಎಡಮೂಲೆಯ ಮೊಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ.

ಮೊಳೆ ಅಲುಗಲಿಲ್ಲ.

ಇನ್ನೊಮ್ಮೆ, ಮೈಭಾರ ಬಿಟ್ಟು ಒತ್ತಿದ. ಗೋಡೆಗೆ ಒತ್ತಿದಂತೆ ಇತ್ತು. ಹಾಗಾದರೆ ಇದೇ, ಎಂದುಕೊಂಡ. ದೇವರು ದೊಡ್ಡವನು, ಯಾರೂ ಇಳಿಯುವ ಮೊದಲೇ ಬಂದೆ. ಏಳಲು ತಲೆಯೆತ್ತಿದಾಗ ಬೆಳಕು ಕಿರಿದಾಗುತ್ತಾ ಬರುತ್ತಿತ್ತು.

"ಮೊದಲನೇ ಸ್ಪರ್ಧಿ, ಹಿರಿಯರು," ಎಂದಿತು ಮೈಕು. "ಚಪ್ಪಾಳೆ ಬರಲಿ."

ಕೊಂಡಿ ಕೂತ ಸದ್ದು ಕೇಳಿಸಿತು. ಒಳ್ಳೆಯ ಸದ್ದು. ಅದಕ್ಕಾಗಿ ಅವನು ಮೂರು ಬಗೆಯ ಸ್ಪ್ರಿಂಗು ಹಾಕಿ ನೋಡಿದ್ದ.

ಅವನು ಕೂಗಿದ. ಅಂಗೈಯಿಂದ ಬಡಿದ. ಒಳಗೆಲ್ಲ ಎರಡು ಪದರ ಹತ್ತಿ, ಮೇಲೆ ಕೆಂಪು ಮಖಮಲ್ಲು. ನಟಿಯ ಉಸಿರು ಮೈಕಿಗೆ ಸಿಗಬಾರದೆಂದು ಒಂದಕ್ಕೆ ಹಾಕಿದ್ದನ್ನು ಇದಕ್ಕೂ ಹಾಕಿದ್ದ. ಬಡಿತ ದಿಂಬಿನ ಮೇಲೆ ಬಿದ್ದಂತೆ ಸತ್ತಿತು.

"ಏನೋ ಅಂತಿದಾರೆ," ಎಂದಳು ಹೊರಗೊಬ್ಬಳು, ದೂರದಿಂದೆಂಬಂತೆ.

"ಡೈಲಾಗ್ ಹೇಳ್ತಿದಾರಮ್ಮ. ಸಿನಿಮಾದಲ್ಲೂ ಬಡೀತಾಳಲ್ಲ," ಎಂದ ಟೊಪ್ಪಿಗೆಯವನು. "ಬೇಡ ಅನ್ಸಿದ್ರೆ ಮೊಳೆ ಒತ್ತಿ ಬರ್ತಾರೆ. ಎಣಿಸೋಣ. ಒಂದು. ಎರಡು."

ಸಾಲಿನವರೆಲ್ಲ ಎಣಿಸತೊಡಗಿದರು. ಹತ್ತಕ್ಕೆ ಸಿಳ್ಳೆ ಬಿತ್ತು. ಐವತ್ತಕ್ಕೆ ಚಪ್ಪಾಳೆ. ಮೇಸ್ತ್ರಿ ಬೆನ್ನು ಕೊಟ್ಟು ಮುಚ್ಚಳವನ್ನು ನೂಕಿದ. ಕುತ್ತಿಗೆಯ ನರ ಹಿಡಿದುಕೊಂಡಿತು, ಮುಚ್ಚಳ ಕದಲಲಿಲ್ಲ. ಕದಲುವ ಹಾಗೆ ಮಾಡುವವನಾಗಿದ್ದರೆ ಅವನನ್ನು ಯಾರೂ ಮೇಸ್ತ್ರಿ ಎನ್ನುತ್ತಿರಲಿಲ್ಲ. ನೂರು ಎಂದು ಕೂಗಿದರು. ಅವನು ಎಷ್ಟು ಹೊತ್ತು ಒಳಗಿರುತ್ತಾನೋ ಅಷ್ಟೂ ಗೆಲ್ಲುತ್ತಿದ್ದಾನೆ ಎಂಬುದು ಆಗ ಅವನಿಗೆ ಹೊಳೆಯಿತು. ಯಾರೂ ತೆರೆಯುವುದಿಲ್ಲ. ಸತ್ತರೆ ಬಹುಮಾನ.

ನೂರೈವತ್ತರ ಹೊತ್ತಿಗೆ ಜನಕ್ಕೆ ಎಣಿಸಿ ಬೇಸರವಾಯಿತು. ಅಷ್ಟರಲ್ಲಿ ಬಾಗಿಲುಗಳು ತೆರೆದು ಬೆಳಗಿನ ಆಟ ಬಿಟ್ಟಿತು. ನೂರಾರು ಹೆಜ್ಜೆ, ಮಕ್ಕಳ ಅಳು, ಮಾತು. ಟೊಪ್ಪಿಗೆಯವನ ದನಿ ಬಾಗಿಲ ಕಡೆಗೆ ಓಡಿತು: "ಎಡಗಡೆಯಿಂದ ಹೋಗಿ, ಎಡಗಡೆಯಿಂದ." ಮೇಸ್ತ್ರಿ ಬಡಿದ, ಬಡಿದ. ಹಲಗೆಯ ಆಚೆ ಸಿನಿಮಾ ನೋಡಿ ಬಂದವರು ಅಭಿಪ್ರಾಯ ಹೇಳಿಕೊಂಡು ಹೋಗುತ್ತಿದ್ದರು.

"ಅವನಿಗೆ ಅವಳ ಮೇಲೆ ಪ್ರೀತಿ ಇತ್ತಾ ಇಲ್ವಾ, ಅದನ್ನ ಹೇಳು."

"ಇಲ್ಲದೇ ಇದ್ರೆ ಹಾಡು ಯಾಕೆ ಹೇಳ್ತಾನೆ?"

"ಪೆಟ್ಟಿಗೆಯೊಳಗೆ ಕೂರೋದೇ ಪ್ರೀತಿಯಂತೆ. ನಿಮ್ಮ ಭಾವ ಸ್ಟೋರ್ ರೂಮಿಗೆ ಹೋಗಿ ಒಂದು ಬಕೆಟ್ ತರಲ್ಲ."

"ಮೀಸೆ ಅಂಟಿಸಿರೋದು ಗೊತ್ತಾಗುತ್ತೆ ಮಾರಾಯ."

ಗಾಳಿ ಬೆಚ್ಚಗಾಗಿತ್ತು. ಬಿಟ್ಟ ಉಸಿರು ತಿರುಗಿ ಮುಖಕ್ಕೇ ಬರುತ್ತಿತ್ತು. ಈಗ ಅತ್ತರಿನ ಕೆಳಗಿನಿಂದ ಜೇನುಮೇಣ ಮೂಗಿಗೆ ಬಡಿಯಿತು, ತಡವಾಗಿ ಬಂದ ಸಾಕ್ಷಿಯ ಹಾಗೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಇದು ಹೊಂದಿಕೊಳ್ಳುವ ಕತ್ತಲೆಯಾಗಿರಲಿಲ್ಲ. ಚಿತ್ರೀಕರಣದಲ್ಲಿ ಒಂದು ದಿನ ನಟಿ ಕೇಳಿದ್ದು ನೆನಪಾಯಿತು: "ನೀವು ಒಳಗೆ ಕೂತು ನೋಡಿದೀರಾ ಮೇಸ್ತ್ರಿ?" "ನಮ್ಮ ಕೆಲಸ ಹೊರಗಡೆದು ಕಣಮ್ಮ," ಎಂದು ಅವನು ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಪ್ರತಿ ಸಲ ಇಳಿಯುವ ಮುನ್ನ ಅವನ ಮುಖವನ್ನೇ ನೋಡುತ್ತಿದ್ದಳು.

ಯಾರೋ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ಮೇಸ್ತ್ರಿ ಅತ್ತ ತಿರುಗಿ ಗಂಟಲು ಹರಿಯುವಂತೆ ಕೂಗಿದ.

"ಸಿನಿಮಾ ಬಿಡಿ," ಎಂದಿತು ಒಂದು ಮುದಿ ದನಿ, ತೀರಾ ಹತ್ತಿರದಲ್ಲಿ. "ಈ ಕೆಲಸ ನೋಡಿ. ಮೂಲೆ ಕೂಡಿಸಿರೋದು ನೋಡಿ, ಒಂದು ಕೂದಲು ತೂರಲ್ಲ. ಇಂಥ ಕೈ ಈಗೆಲ್ಲಿದೆ?"

"ಒಳಗೇನೋ ಸದ್ದು ಬರ್ತಿದೆಯಲ್ಲ ಅಪ್ಪಾಜಿ."

"ಯಂತ್ರ ಇಟ್ಟಿರ್ತಾರಮ್ಮ. ಈಗ ಎಲ್ಲದಕ್ಕೂ ಯಂತ್ರ."

ಹೆಜ್ಜೆಗಳು ದೂರವಾದವು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಬ್ಬ ಪ್ರೇಕ್ಷಕ ಮರದ ಬಗ್ಗೆ ಮಾತಾಡಿದ್ದ. ಮೇಸ್ತ್ರಿ ಹಣೆಯನ್ನು ಮಂಡಿಗೆ ಹಚ್ಚಿ ಅತ್ತುಬಿಟ್ಟ. ಅಳುವುದಕ್ಕೆ ಉಸಿರು ಬಹಳ ಬೇಕೆಂದು ತಿಳಿದು, ಹೆದರಿ, ನಿಲ್ಲಿಸಿದ.

ಅವನು ಮಾಡಿದ ಮೂಲೆ ಬಿಡುವುದಿಲ್ಲ, ಕೊಂಡಿ ಬಿಡುವುದಿಲ್ಲ, ತಳಕ್ಕೆ ಬೋಲ್ಟು. ಉಳಿದದ್ದು ಹಿಂಬದಿಯ ಎರಡು ಕೀಲು. ಹೊರಗೆ ಲೋಹ ಕಾಣಬಾರದೆಂದು ಅವುಗಳನ್ನು ಒಳಗಡೆಯೇ ಕೂರಿಸಿದ್ದ. ಮುಚ್ಚಳದ ಕಡೆಗೆ ನಾಲ್ಕು ನಾಲ್ಕು, ಒಟ್ಟು ಎಂಟು ಸ್ಕ್ರೂ. ಹಳೇ ಕಾಲದ್ದು ಬೇಕೆಂದು ನಿರ್ದೇಶಕ ಹಟ ಹಿಡಿದು ಒಂದೇ ಗೀರಿನ ತಲೆಯವನ್ನು ತರಿಸಿದ್ದ. ಅದು ಯಾವ ದೃಶ್ಯದಲ್ಲೂ ಕಾಣಲಿಲ್ಲ. ಮೇಸ್ತ್ರಿ ಉಗುರು ಹಾಕಿ ಮಖಮಲ್ಲು ಸೀಳಿದ, ಹತ್ತಿ ಕಿತ್ತ, ಮೇಣವನ್ನು ಕೆರೆದ. ಉಗುರಿನ ಸಂದಿಗೆಲ್ಲ ಮೇಣ ಹೊಕ್ಕಿತು, ಒಂದು ಉಗುರು ಮಡಿಚಿಕೊಂಡು ಕಿತ್ತುಬಂತು. ಜೇಬಿನಲ್ಲಿ ಬಸ್ಸಿನವನು ಕೊಟ್ಟ ಚಿಲ್ಲರೆ ಇತ್ತು. ತೆಳ್ಳಗಿನ ನಾಣ್ಯವನ್ನು ಬೆರಳಿನಲ್ಲೇ ಆರಿಸಿ ಗೀರಿಗೆ ಇಟ್ಟು ತಿರುಗಿಸಿದ.

ಸ್ಕ್ರೂ ಕೂರಿಸುವ ಮೊದಲು ಅದಕ್ಕೆ ಮೇಣ ಸವರುವುದು ಅವನ ಗುರು ಕಲಿಸಿದ ಅಭ್ಯಾಸ. ಒದ್ದೆಯಲ್ಲಿ ತುಕ್ಕು ಹಿಡಿಯುವುದಿಲ್ಲ. ಮೊದಲನೆಯದು ಬಂತು. ಎರಡನೆಯದು ಬಂತು. ಹೊರಗೆ ಸದ್ದು ಇಳಿಯಿತು. ಅಥವಾ ಅವನ ಕಿವಿಯೊಳಗೆ ಬೇರೊಂದು ಸದ್ದು ಏರಿತು, ಹೊಳೆ ಹರಿದ ಹಾಗೆ. ನಾಲ್ಕು. ಬೆವರು ಕಣ್ಣಿಗಿಳಿದು ಉರಿಯಿತು, ಕಣ್ಣಿಗೆ ಕೆಲಸವಿಲ್ಲದ್ದರಿಂದ ಮುಚ್ಚಿಕೊಂಡ. ಐದು. ಆರನೆಯದರಲ್ಲಿ ನಾಣ್ಯ ಜಾರಿ ಕೆಳಗೆ ಬಿತ್ತು.

ಅದನ್ನು ಹುಡುಕಿದ ಹೊತ್ತು ಅವನಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಬೆರಳು ತನ್ನ ಕಾಲನ್ನೇ ಬೇರೆಯವರ ಕಾಲು ಎಂದುಕೊಂಡು ಬೆಚ್ಚಿತು. ಒಳಗೆ ಇನ್ನೊಬ್ಬರಿದ್ದಾರೆ ಎನ್ನಿಸಿತು. ಯಾರೆಂದು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಉತ್ತರ ಬಂದರೆ ಎಂಬ ಹೆದರಿಕೆ. ನಾಣ್ಯ ಹಿಮ್ಮಡಿಯ ಕೆಳಗೆ ಅಂಟಿಕೊಂಡಿತ್ತು.

ಆರು. ಏಳು. ಎಂಟನೆಯದನ್ನು ತಿರುಗಿಸುವ ಶಕ್ತಿ ಬೆರಳಿಗಿರಲಿಲ್ಲ. ಅವನು ತಳಕ್ಕೆ ಕಾಲು ಕೊಟ್ಟು ಬೆನ್ನಿನಿಂದ ನೂಕಿದ. ಒಂದು ಸಲ, ಮತ್ತೊಂದು ಸಲ. ಮರ ಸೀಳಿದ ಸದ್ದು. ತನ್ನ ಕೆಲಸ ಮುರಿದ ಸದ್ದು ಅಷ್ಟು ಇಂಪಾಗಿ ಅವನ ಕಿವಿಗೆ ಎಂದೂ ಕೇಳಿಸಿರಲಿಲ್ಲ.

ಮುಚ್ಚಳ ಹಿಂಬದಿಯಿಂದ, ತೆರೆಯಬಾರದ ಕಡೆಯಿಂದ ಮೇಲೆದ್ದಿತು. ಮೇಸ್ತ್ರಿಯ ತಲೆ ಹೊರಬಂತು. ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು.

ಹಜಾರ ಚಪ್ಪಾಳೆಯಲ್ಲಿ ಮುಳುಗಿತು.

"ಇಪ್ಪತ್ತೆಂಟು ನಿಮಿಷ," ಎಂದಿತು ಮೈಕು. "ಹೊಸ ದಾಖಲೆ. ಅದೂ ಹಿಂದುಗಡೆಯಿಂದ ಬಂದಿದಾರೆ ನೋಡಿ, ಸಿನಿಮಾದಲ್ಲೂ ಇದನ್ನ ತೋರಿಸಿಲ್ಲ."

ಯಜಮಾನ ಓಡಿ ಬಂದು ಅವನ ಹೆಗಲು ತಟ್ಟಿದ. "ಮೊದಲೇ ಹೇಳೋದಲ್ವಾ ನೀವೂ ಜಾದೂಗಾರರು ಅಂತ. ಮಧ್ಯಾಹ್ನದ ಆಟಕ್ಕೂ ಇರಿ."

ಮುಂದೆ ನಿಂತ ಇಬ್ಬರು ಕಾಲೇಜು ಹುಡುಗರು ತಲೆ ತೂಗಿದರು. "ಸಿನಿಮಾಗಿಂತ ಇದೇ ವಾಸಿ," ಎಂದ ಒಬ್ಬ. "ಆದ್ರೆ ಆ ಹೆದರಿಕೆ ಸ್ವಲ್ಪ ಜಾಸ್ತಿ ಆಯ್ತು. ಓವರ್ ಆಕ್ಟಿಂಗ್," ಎಂದ ಇನ್ನೊಬ್ಬ.

ಮೇಸ್ತ್ರಿ ಏನೋ ಹೇಳಿದ. ದನಿ ಬರಲಿಲ್ಲ. ಟೊಪ್ಪಿಗೆಯವನು ಓರೆಯಾಗಿದ್ದ ಮುಚ್ಚಳವನ್ನು ಎರಡು ಕೈಯಲ್ಲಿ ಹಿಡಿದು, ಮುಂದಕ್ಕೆ ಎತ್ತಿ ನಿಲ್ಲಿಸಿ, ಇದು ಹೀಗೇ ತೆರೆಯೋದು, ಮುಚ್ಚಿದ ಮೇಲೆ ನಾನೇ ಒತ್ತಿ ಹಿಡ್ಕೋತೀನಿ ಎನ್ನುತ್ತ, "ಎರಡನೇ ಸ್ಪರ್ಧಿ ಬನ್ನಿ. ಹಿರಿಯರು ಸ್ವಲ್ಪ ಇಳೀಬೇಕು," ಎಂದ.

ಸಾಲಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಮೂವತ್ತರ ಆಸುಪಾಸು. ಬ್ಯಾಗನ್ನು ಅಕ್ಕನ ಕೈಗೆ ಕೊಟ್ಟು, ಕೂದಲು ಕಟ್ಟಿಕೊಂಡು, ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕಾಲಿಟ್ಟಳು.

ಇಳಿ ಇಳಿ ಎಂದು ಮೇಸ್ತ್ರಿಯ ಮೈಯೆಲ್ಲ ಕೂಗುತ್ತಿತ್ತು. ಪ್ರಪಂಚದಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ, ಆ ಮಖಮಲ್ಲಿನಿಂದ ಒಂದು ಮಾರು ದೂರ. ಅವನು ಇಳಿಯಲಿಲ್ಲ. ಮೆಲ್ಲಗೆ ಮಂಡಿ ಮಡಿಸಿ ಮತ್ತೆ ಅದರೊಳಗೇ ಕೂತ. ಎರಡೂ ಕೈಯಿಂದ ಅಂಚು ಹಿಡಿದುಕೊಂಡ.

"ಸಾರ್, ನಮ್ಮ ಸರದಿ," ಎಂದಳು ಅವಳು.

"ಅಜ್ಜಾರೇ, ಬಹುಮಾನ ನಿಮಗೇ, ಇಳೀರಿ," ಎಂದ ಟೊಪ್ಪಿಗೆಯವನು. ಜನ ನಕ್ಕರು.

"ಸುತ್ತಿಗೆ," ಎಂದ ಮೇಸ್ತ್ರಿ. ಈ ಸಲ ಅಷ್ಟು ಮಾತು ಹೊರಬಂತು. "ಒಂದು ಸುತ್ತಿಗೆ ತನ್ನಿ. ಅಲ್ಲೀವರೆಗೂ ನಾನು ಏಳಲ್ಲ."

ಮತ್ತೆ ನಗು. ಅವಳೂ ನಗುತ್ತಲೇ ಬಗ್ಗಿದಳು, ಮುದುಕನನ್ನು ಎಬ್ಬಿಸಲು ಕೈ ನೀಡಿದಳು. ಆಗ ಅಂಚನ್ನು ಹಿಡಿದ ಬೆರಳುಗಳು ಅವಳ ಕಣ್ಣಿಗೆ ಬಿದ್ದವು: ಉಗುರಿನ ಸಂದಿಯಲ್ಲಿ ಹಳದಿ ಮೇಣ, ಒಂದರಲ್ಲಿ ಉಗುರೇ ಇಲ್ಲ, ರಕ್ತ ಇನ್ನೂ ಇಳಿಯುತ್ತಿದೆ. ಅವಳು ಅವನ ಮುಖ ನೋಡಿದಳು. ಒಳಗಡೆ ಸೀಳಿದ್ದ ಮಖಮಲ್ಲನ್ನು ನೋಡಿದಳು.

"ಅಕ್ಕ, ಯಾರಿಗಾದ್ರೂ ಸುತ್ತಿಗೆ ತರೋಕೆ ಹೇಳೇ," ಎಂದು, ಹಿಂದೆ ಸರಿದು, ಚಪ್ಪಲಿ ಮೆಟ್ಟಿಕೊಂಡಳು.